ಸರಕಿಗೊಂದು ರಹದಾರಿ

(ಕಾಫಿ ಬೆಳೆಗಾರರು ಹಾಗೂ ವಿದ್ಯಾರ್ಥಿಗಳ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಮನುಷ್ಯನು ದೇಶದ ಗಡಿಯನ್ನು ದಾಟಬೇಕಾದರೆ ಪಾಸ್‌ಪೋರ್ಟ್ ಬೇಕು. ಅವನು ಯಾರು, ಎಲ್ಲಿ ಹುಟ್ಟಿದವನು ಎಂಬುದನ್ನು ಆ ಪುಸ್ತಿಕೆ ಹೇಳುತ್ತದೆ. ಸರಕಿಗೂ ಅಂಥದೊಂದು ರಹದಾರಿ ಇರತಕ್ಕದ್ದು ಎಂಬ ವಿಚಾರವು ಯುರೋಪಿನಲ್ಲಿ ಈಗ ಕಾನೂನಿನ ರೂಪವನ್ನು ತಾಳಿದೆ. ಇದಕ್ಕೆ ಡಿಜಿಟಲ್ ಉತ್ಪನ್ನ ಪಾಸ್‌ಪೋರ್ಟ್ ಎಂದು ಹೆಸರು. ಅಂಗಡಿಗಳಲ್ಲಿ ಹಣ ಪಾವತಿಗೆಂದು ಅಂಟಿಸಿರುವಂಥ ಕ್ಯೂಆರ್ ಕೋಡ್ ಒಂದು ವಸ್ತುವಿನ ಮೇಲೆಯೇ ಇರುತ್ತದೆ. ಮೊಬೈಲಿನಿಂದ ಅದನ್ನು ಓದಿದರೆ ಆ ವಸ್ತು ಎಲ್ಲಿ ತಯಾರಾಯಿತು, ಅದರೊಳಗೆ ಏನೇನಿದೆ, ಕೆಟ್ಟರೆ ಬಿಚ್ಚುವುದು ಹೇಗೆ ಎಂಬ ವಿವರಗಳು ತೆರೆದುಕೊಳ್ಳುತ್ತವೆ.

ಮೊದಲ ಸರದಿ ಬ್ಯಾಟರಿಯದು. ಯುರೋಪಿಯನ್ ಒಕ್ಕೂಟವು 2023ರಲ್ಲಿ ಅಂಗೀಕರಿಸಿದ ಬ್ಯಾಟರಿ ನಿಯಮದ ಪ್ರಕಾರ, ವಿದ್ಯುತ್ ವಾಹನಗಳ ಬ್ಯಾಟರಿಗಳಿಗೂ 2 ಕಿಲೋವ್ಯಾಟ್ ಅವರ್‌ಗಿಂತ ದೊಡ್ಡದಾದ ಕೈಗಾರಿಕಾ ಬ್ಯಾಟರಿಗಳಿಗೂ 2027ರ ಫೆಬ್ರವರಿ 18ರಿಂದ ಈ ಪಾಸ್‌ಪೋರ್ಟ್ ಕಡ್ಡಾಯ. ಕಬ್ಬಿಣ, ಅಲ್ಯುಮಿನಿಯಂ, ಬಟ್ಟೆ, ಟೈರು, ಪೀಠೋಪಕರಣಗಳು 2025ರ ಏಪ್ರಿಲ್‌ನಲ್ಲಿ ಪ್ರಕಟವಾದ ಮುಂದಿನ ಪಟ್ಟಿಯಲ್ಲಿವೆ.

ಇದರ ಹಿಂದಿನ ಆಶಯವನ್ನು ಮೊದಲು ತಿಳಿಯಬೇಕು. ಗಣಿಯಿಂದ ತೆಗೆ, ವಸ್ತು ಮಾಡು, ಬಳಸು, ಎಸೆ ಎಂಬುದು ಕಳೆದ ಇನ್ನೂರು ವರ್ಷಗಳ ಕೈಗಾರಿಕೆಯ ದಾರಿ. ಎಸೆದದ್ದನ್ನೇ ಮತ್ತೆ ಕಚ್ಚಾವಸ್ತುವಾಗಿಸುವುದು ಚಕ್ರೀಯ ಆರ್ಥಿಕತೆ. ಕಾಫಿ ಹಣ್ಣಿನ ಸಿಪ್ಪೆಯನ್ನು ಗೊಬ್ಬರದ ಗುಂಡಿಗೆ ಹಾಕಿ ಮತ್ತೆ ಗಿಡದ ಬುಡಕ್ಕೆ ಕೊಡುವವರಿಗೆ ಇದನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಆದರೆ ಬ್ಯಾಟರಿಯು ಮುಚ್ಚಿದ ಪೆಟ್ಟಿಗೆ. ಅದರೊಳಗೆ ಕೋಬಾಲ್ಟ್ ಎಷ್ಟಿದೆ, ನಿಕಲ್ ಎಷ್ಟಿದೆ, ಇನ್ನೂ ಎಷ್ಟು ಶಕ್ತಿ ಉಳಿದಿದೆ ಎಂಬುದು ಗುಜರಿಯವನಿಗೆ ತಿಳಿಯದು. ತಿಳಿದರೆ ವಾಹನಕ್ಕೆ ಸಾಲದಾದ ಬ್ಯಾಟರಿಯನ್ನು ಸೌರವಿದ್ಯುತ್ ಸಂಗ್ರಹಕ್ಕೆ ಬಳಸಬಹುದು. ಅದಕ್ಕೂ ಆಗದಿದ್ದರೆ ಅಪಾಯವಿಲ್ಲದೆ ಬಿಚ್ಚಿ ಲೋಹಗಳನ್ನು ತೆಗೆಯಬಹುದು. 2031ರ ಆಗಸ್ಟ್‌ನಿಂದ ಯುರೋಪಿನಲ್ಲಿ ಮಾರುವ ಹೊಸ ವಾಹನ ಬ್ಯಾಟರಿಯ ಕೋಬಾಲ್ಟ್‌ನಲ್ಲಿ ಕನಿಷ್ಠ ಶೇ. 16ರಷ್ಟು, ಲಿಥಿಯಂ ಮತ್ತು ನಿಕಲ್‌ಗಳಲ್ಲಿ ಶೇ. 6ರಷ್ಟು ಮರುಬಳಕೆಯ ಲೋಹವಿರಬೇಕು. ಬ್ಯಾಟರಿಯನ್ನು ಕರಗಿಸಿ ಲೋಹ ತೆಗೆದ ದಿನ ಅದರ ಪಾಸ್‌ಪೋರ್ಟ್ ಕೂಡ ಅಳಿಯುತ್ತದೆ.

ಕಾನೂನು ಜಾರಿಗೆ ಬರುವ ಮುನ್ನವೇ ಪ್ರಯೋಗಗಳು ನಡೆದವು. 2023ರ ಜನವರಿಯಲ್ಲಿ ಗ್ಲೋಬಲ್ ಬ್ಯಾಟರಿ ಅಲಯನ್ಸ್ ಎಂಬ ಒಕ್ಕೂಟವು ಆಡಿ ಮತ್ತು ಟೆಸ್ಲಾ ಕಂಪನಿಗಳ ಬ್ಯಾಟರಿಗಳಿಗೆ ಮಾದರಿ ಪಾಸ್‌ಪೋರ್ಟ್‌ಗಳನ್ನು ಸಿದ್ಧಪಡಿಸಿ ದಾವೋಸ್‌ನಲ್ಲಿ ತೋರಿಸಿತು. 2024ರಲ್ಲಿ ವೋಲ್ವೊ ಕಂಪನಿಯು ತನ್ನ ಒಂದು ಕಾರಿಗೆ ಪಾಸ್‌ಪೋರ್ಟ್ ಸಹಿತವಾದ ಬ್ಯಾಟರಿಯನ್ನು ಅಳವಡಿಸಿತು. ಅದರ ಸಿದ್ಧತೆಗೆ ಐದು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಕಾರೊಂದಕ್ಕೆ ತಗುಲುವ ವೆಚ್ಚ ಸುಮಾರು 10 ಡಾಲರ್ ಎಂದು ವರದಿಯಾಯಿತು. ಕಾರಿನ ಬೆಲೆಯ ಮುಂದೆ ಅದು ಏನೂ ಅಲ್ಲ.

ಆದರೆ ಮಾಹಿತಿಯ ಸರಪಳಿಯ ಕೆಳತುದಿ ಕಾರ್ಖಾನೆಯಲ್ಲಿಲ್ಲ. ಜಗತ್ತಿನ ಗಣಿಗಳಿಂದ ಬರುವ ಕೋಬಾಲ್ಟ್‌ನಲ್ಲಿ ಸುಮಾರು ಮುಕ್ಕಾಲು ಪಾಲು ಆಫ್ರಿಕಾದ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ್ದು. ಅಲ್ಲಿ ಯಂತ್ರದ ಗಣಿಗಳ ಪಕ್ಕದಲ್ಲಿಯೇ ಹಾರೆ ಗುದ್ದಲಿ ಹಿಡಿದು ಸುರಂಗಕ್ಕಿಳಿಯುವ ಬಡವರೂ ಇದ್ದಾರೆ. ಮಕ್ಕಳೂ ಆ ಕೆಲಸದಲ್ಲಿ ಇರುವುದನ್ನು ಆಮ್ನೆಸ್ಟಿ ಸಂಸ್ಥೆಯು 2016ರಲ್ಲಿ ಜಗತ್ತಿಗೆ ತಿಳಿಸಿತು. ಅವರು ಅಗೆದ ಅದಿರನ್ನು ದಲ್ಲಾಳಿ ಕೊಳ್ಳುತ್ತಾನೆ. ಹತ್ತು ಜನರದು ಒಂದೇ ರಾಶಿಯಾಗಿ, ಕುಲುಮೆಯಲ್ಲಿ ಯಂತ್ರದ ಗಣಿಯ ಅದಿರಿನೊಡನೆ ಬೆರೆಯುತ್ತದೆ. ಕರಗಿದ ಲೋಹಕ್ಕೆ ಊರಿನ ಹೆಸರಿಲ್ಲ. ಆದುದರಿಂದ ಪಾಸ್‌ಪೋರ್ಟ್ ಹೇಳುವುದು ಕಾಗದದ ಕಥೆಯನ್ನೇ ಹೊರತು ಲೋಹದ ಕಥೆಯನ್ನಲ್ಲ. ಕಾಗದ ಹೊಂದಿಸಲಾಗದ ಬಡವನ ಅದಿರನ್ನು ಕೊಳ್ಳದಿರುವುದೇ ಕಂಪನಿಗೆ ಸುಲಭದ ಉಪಾಯ. ಅವನ ಸುರಂಗ ಸುರಕ್ಷಿತವಾಗುವುದಿಲ್ಲ, ಅವನಿಗಿದ್ದ ಗಿರಾಕಿಯೊಬ್ಬ ಇಲ್ಲವಾಗುತ್ತಾನೆ ಅಷ್ಟೆ.

ಕಾಂಗೋದ ಮಾತು ಇಲ್ಲಿಗೇಕೆ ಎಂದು ಕೇಳಬಹುದು. ಕಾಫಿಗೆ ಈ ಹೆಸರಿನ ಪಾಸ್‌ಪೋರ್ಟ್ ಇಲ್ಲ. ಆದರೆ ಅದರ ಒಡಹುಟ್ಟಿದ ನಿಯಮವೊಂದು ಕೊಡಗು, ಚಿಕ್ಕಮಗಳೂರು, ಹಾಸನದ ತೋಟಗಳ ಬೇಲಿಯ ಬಳಿ ಬಂದು ನಿಂತಿದೆ. ಅದು 2023ರಲ್ಲಿಯೇ ಅಂಗೀಕೃತವಾದ ಯುರೋಪಿನ ಅರಣ್ಯನಾಶ ತಡೆ ನಿಯಮ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದಲ್ಲಿ ಬೆಳೆದ ಕಾಫಿ, ಕೋಕೋ, ರಬ್ಬರ್, ಸೋಯಾ, ತಾಳೆ ಎಣ್ಣೆ, ಮರ ಹಾಗೂ ದನದ ಉತ್ಪನ್ನಗಳಿಗೆ ಆ ಮಾರುಕಟ್ಟೆಯಲ್ಲಿ ಪ್ರವೇಶವಿಲ್ಲ. ಎರಡು ಬಾರಿ ಮುಂದೂಡಲ್ಪಟ್ಟ ಈ ನಿಯಮವು, 2025ರ ಡಿಸೆಂಬರ್ ತಿದ್ದುಪಡಿಯಂತೆ, ದೊಡ್ಡ ಮತ್ತು ಮಧ್ಯಮ ಕಂಪನಿಗಳಿಗೆ 2026ರ ಡಿಸೆಂಬರ್ 30ರಿಂದಲೂ ಸಣ್ಣವುಗಳಿಗೆ 2027ರ ಜೂನ್ 30ರಿಂದಲೂ ಅನ್ವಯಿಸತಕ್ಕದ್ದು. 2025ರ ಮೇ ತಿಂಗಳಿನಲ್ಲಿ ಭಾರತವನ್ನು ಕಡಿಮೆ ಅಪಾಯದ ದೇಶಗಳ ಪಟ್ಟಿಗೆ ಸೇರಿಸಿದ್ದರಿಂದ ತಪಾಸಣೆ ಹಗುರಾಗಿದೆ. ಆದರೆ ಕಾಫಿ ಬೆಳೆದ ಜಮೀನು ಭೂಮಿಯ ಮೇಲೆ ಎಲ್ಲಿದೆ ಎಂಬುದನ್ನು ಅಕ್ಷಾಂಶ ರೇಖಾಂಶಗಳಲ್ಲಿ, ದಶಮಾಂಶದ ಆರು ಅಂಕಿಗಳವರೆಗೆ ಕೊಡುವ ಷರತ್ತು ಹೋಗಿಲ್ಲ. 4 ಹೆಕ್ಟೇರ್‌ವರೆಗಿನ, ಅಂದರೆ ಹತ್ತು ಎಕರೆಗೆ ತುಸು ಕಡಿಮೆ ಜಮೀನಿಗೆ ಒಂದು ಬಿಂದು ಸಾಕು. ಅದಕ್ಕೂ ದೊಡ್ಡದಾದರೆ ಸುತ್ತಲಿನ ಗಡಿಯನ್ನೇ ಗುರುತಿಸಬೇಕು.

ದೇಶದ ಕಾಫಿಯಲ್ಲಿ ಸುಮಾರು ಶೇ. 70ರಷ್ಟು ಬೆಳೆಯುವುದು ಕರ್ನಾಟಕದಲ್ಲಿ. ಹೆಚ್ಚಿನ ಪಾಲು ಹೊರದೇಶಕ್ಕೆ ಹೋಗುತ್ತದೆ, ಅದರಲ್ಲಿಯೂ ಇಟಲಿ, ಜರ್ಮನಿ ಮೊದಲಾದ ಯುರೋಪಿನ ದೇಶಗಳಿಗೆ. ಸರ್ಕಾರವು 2019ರಲ್ಲಿ ನೀಡಿದ ಲೆಕ್ಕದಂತೆ ದೇಶದ 3.66 ಲಕ್ಷ ಕಾಫಿ ಬೆಳೆಗಾರರಲ್ಲಿ ನೂರಕ್ಕೆ 98 ಮಂದಿ ಸಣ್ಣವರು. ಎರಡು ಎಕರೆಯ ಬೆಳೆಗಾರನು ಕಣದಲ್ಲಿ ಒಣಗಿಸಿದ ಚೆರಿ ಮೂಟೆಯನ್ನು ಊರಿನ ವ್ಯಾಪಾರಿಗೆ ಮಾರುತ್ತಾನೆ. ಅದು ಇತರರ ಮೂಟೆಗಳೊಡನೆ ಗೋದಾಮು ಸೇರಿ, ಕ್ಯೂರಿಂಗ್ ವರ್ಕ್ಸ್ ತಲಪುವಾಗ ಯಾರ ಬೀಜ ಯಾವುದೆಂದು ಹೇಳುವವರಿಲ್ಲ. ಕೋಬಾಲ್ಟ್ ರಾಶಿಯ ಕಥೆಯೇ ಇದು. ಮೂಲ ತಿಳಿಯದ ಮೂಟೆಯನ್ನು ಮೂಲ ತಿಳಿದ ಮೂಟೆಯೊಡನೆ ಬೆರೆಸುವುದಕ್ಕೆ ಹೊಸ ನಿಯಮದಲ್ಲಿ ಅವಕಾಶವಿಲ್ಲ. ತಪ್ಪಿದರೆ ದಂಡ ತೆರಬೇಕಾದವನು ಯುರೋಪಿನ ಆಮದುದಾರ. ಅದರ ಗರಿಷ್ಠ ಮಿತಿ ವಾರ್ಷಿಕ ವಹಿವಾಟಿನ ಶೇ. 4ಕ್ಕಿಂತ ಕಡಿಮೆ ಇರಕೂಡದೆಂದಿದೆ. ದಂಡ ಅಲ್ಲಿಯದಾದರೂ ಅಂಜಿಕೆ ರಫ್ತುದಾರನ ಮೂಲಕ ಹಳ್ಳಿಯ ವ್ಯಾಪಾರಿಯವರೆಗೆ ಇಳಿಯುತ್ತದೆ. ಇನ್ನೂರು ಸಣ್ಣ ಬೆಳೆಗಾರರ ಬಿಂದುಗಳನ್ನು ಹುಡುಕುವುದಕ್ಕಿಂತ ಒಂದು ದೊಡ್ಡ ಎಸ್ಟೇಟಿನಿಂದ ಕೊಳ್ಳುವುದು ಲೇಸೆಂದು ಅವನಿಗೆ ತೋರಿದರೆ ಆಶ್ಚರ್ಯವಿಲ್ಲ.

ನೆರಳಿನ ಪ್ರಶ್ನೆಯೊಂದಿದೆ. ಬ್ರೆಜಿಲ್‌ನ ಬಯಲು ತೋಟಗಳಂತಲ್ಲದೆ ಇಲ್ಲಿ ಕಾಫಿಯು ಅತ್ತಿ, ನಂದಿ, ಹಾಲುವಾಣ, ಸಿಲ್ವರ್ ಓಕ್ ಮರಗಳಡಿ ಬೆಳೆಯುತ್ತದೆ. ಮೇಲಿನಿಂದ ನೋಡುವ ಉಪಗ್ರಹಕ್ಕೆ ಅದು ಕಾಡಿನಂತೆಯೇ ಕಾಣುತ್ತದೆ. ಮಳೆಗಾಲದ ಮುನ್ನ ಮರಗಸಿ ಮಾಡಿದರೆ, ಅಥವಾ ಬಲಿತ ಸಿಲ್ವರ್ ಓಕ್ ಕಡಿದರೆ, ಕಾಡು ಕಡಿದರೆಂದು ಯಂತ್ರವು ತಿಳಿಯುವ ಸಂಭವವಿದೆ. ಕೃಷಿಗೆ ಬಳಕೆಯಾಗುವ ನೆಲ, ಮರಗಳಿಂದ ಕೂಡಿದ್ದರೂ, ಕಾಡಲ್ಲವೆಂದು ನಿಯಮವೇ ಹೇಳುತ್ತದೆ. ಆದರೂ ನಕ್ಷೆ ತಪ್ಪು ತೋರಿಸಿದಾಗ ಅದನ್ನು ಅಲ್ಲಗಳೆಯುವ ದಾಖಲೆಯನ್ನು ಒದಗಿಸಬೇಕಾದವನು ಬೆಳೆಗಾರನೇ. ಮರ ಉಳಿಸಿಕೊಂಡವನು ಮರವಿಲ್ಲದವನಿಗಿಂತ ಹೆಚ್ಚು ಉತ್ತರ ಕೊಡಬೇಕಾದುದು ಈ ವ್ಯವಸ್ಥೆಯ ವಿಪರ್ಯಾಸ.

ಇನ್ನು ಪಹಣಿ. ಬೆಳೆ ತೆಗೆದ ನೆಲದ ಬಳಕೆಯ ಹಕ್ಕು ದೇಶದ ಕಾನೂನಿಗೆ ಅನುಗುಣವಾಗಿರಬೇಕೆಂದು ನಿಯಮ ಕೇಳುತ್ತದೆ. ಕೇಳುವುದು ನ್ಯಾಯವೇ. ಆದರೆ ಪೋಡಿಯಾಗದ ಸರ್ವೆ ನಂಬರುಗಳು, ಅಜ್ಜನ ಹೆಸರಿನಲ್ಲಿಯೇ ಉಳಿದ ಖಾತೆಗಳು, ಕೊಡಗಿನ ಜಂಟಿ ಪಟ್ಟೆಯ ಜಮ್ಮಾ ಬಾಣೆಗಳು, ತೀರ್ಮಾನ ಕಾಣದ ಬಗರ್‌ಹುಕುಂ ಅರ್ಜಿಗಳು ಮಲೆನಾಡಿನಲ್ಲಿ ಎಷ್ಟಿವೆ ಎಂಬುದನ್ನು ಈ ಸಭೆಗೆ ಹೇಳಬೇಕಾಗಿಲ್ಲ. ಕಂದಾಯ ಇಲಾಖೆಯ ಮೇಜಿನ ಮೇಲೆ ದಶಕಗಳಿಂದ ಕುಳಿತ ಕಡತಕ್ಕೆ ಉತ್ತರವನ್ನು ಈಗ ಕಾಫಿ ಮೂಟೆಯಿಂದ ನಿರೀಕ್ಷಿಸಲಾಗುತ್ತಿದೆ. ಅರಣ್ಯದ ಅಂಚನ್ನು ಅಗೆದು ತೋಟ ವಿಸ್ತರಿಸಿದವರೂ ಇದ್ದಾರೆಂಬುದು ನಿಜ. ಅಂಥವರಿಗೆ ಈ ನಿಯಮ ತಡೆಯಾದರೆ ಪರಿಸರಾಸಕ್ತರು ಸ್ವಾಗತಿಸಬೇಕು.

ಇಂಥ ದಾಖಲೆಯ ಪ್ರಯೋಗ ಈ ಸೀಮೆಯ ಕಾಫಿಗೆ ತೀರ ಹೊಸದೂ ಅಲ್ಲ. 2019ರ ಮಾರ್ಚ್‌ನಲ್ಲಿ ಕಾಫಿ ಮಂಡಳಿಯು ಬ್ಲಾಕ್‌ಚೈನ್ ತಂತ್ರಜ್ಞಾನದ ಮಾರುಕಟ್ಟೆಯೊಂದನ್ನು ಪ್ರಾಯೋಗಿಕವಾಗಿ ಆರಂಭಿಸಿತು. ತೋಟದಿಂದ ಲೋಟದವರೆಗಿನ ದಾಖಲೆಯನ್ನು ಯಾರೂ ತಿದ್ದಲಾಗದಂತೆ ಇಡುವುದು, ನಡುವಿನ ದಲ್ಲಾಳಿಗಳನ್ನು ಕಡಿಮೆ ಮಾಡುವುದು ಅದರ ಉದ್ದೇಶ. ಆರಂಭದಲ್ಲಿ ಬೆಳೆಗಾರರು, ರಫ್ತುದಾರರು, ಹುರಿಯುವವರು, ಮಾರುವವರು ಎಲ್ಲ ಸೇರಿ ನೋಂದಾಯಿಸಿದವರು 15–20 ಮಂದಿ. 3.66 ಲಕ್ಷದ ಎದುರು ಈ ಅಂಕಿಯನ್ನು ಇಟ್ಟು ನೋಡಬೇಕು. ಹತ್ತು ಜನರೊಡನೆ ಗೆದ್ದ ಪ್ರಯೋಗವು ಲಕ್ಷ ಜನರಲ್ಲಿಗೆ ಹೋಗುವಾಗ ತಂತ್ರಜ್ಞಾನಕ್ಕಿಂತ ಹೆಚ್ಚಾಗಿ ಬೇಕಾಗುವುದು ಸೊಸೈಟಿ, ಗ್ರಾಮ ಪಂಚಾಯಿತಿ, ಒಬ್ಬ ನಂಬಿಕಸ್ತ ಸರ್ವೆಯರ್.

ಈ ಪಾಸ್‌ಪೋರ್ಟ್‌ಗಳು ಕೊಳ್ಳುವವನು ಕೇಳಿದ ಪ್ರಶ್ನೆಗಳಿಗೆ ಮಾತ್ರ ಉತ್ತರ ಕೊಡುತ್ತವೆ ಎಂಬುದನ್ನೂ ಗಮನಿಸಬೇಕು. ಉಪಗ್ರಹಕ್ಕೆ ಮರ ಕಾಣುತ್ತದೆ. ಕುಯ್ಲಿನ ದಿನಗಳಲ್ಲಿ ಪಲ್ಪರ್‌ನಿಂದ ಹಳ್ಳಕ್ಕೆ ಹರಿಯುವ ಹುಳಿನೀರು ಕಾಣುವುದಿಲ್ಲ, ಲೈನ್ ಮನೆಯ ಕೂಲಿಯವರ ಪಗಾರವೂ ಕಾಣುವುದಿಲ್ಲ. ಹೊಸ ನಿಯಮಕ್ಕೆ ತಕ್ಕಂತೆ ದಾಖಲೆ ಕೊಟ್ಟ ಕಾಫಿಗೆ ಹೆಚ್ಚಿನ ದರ ಸಿಗಬೇಕೆಂದು ಅದರಲ್ಲಿ ಎಲ್ಲಿಯೂ ಬರೆದಿಲ್ಲ. ದಾಖಲೆಯ ಖರ್ಚು ಬೆಳೆಗಾರನ ತಲೆಗೆ, ಅದರ ಒಡೆತನ ರಫ್ತುದಾರನ ಕಂಪ್ಯೂಟರಿಗೆ ಎಂದಾದರೆ, ಮುಂದಿನ ವರ್ಷ ಬೇರೆ ವ್ಯಾಪಾರಿಗೆ ಮಾರಬೇಕೆಂದವನು ಮತ್ತೆ ಮೊದಲಿನಿಂದ ಆರಂಭಿಸಬೇಕಾಗುತ್ತದೆ. ದಾಖಲೆ ಬೇಕು. ಅದು ಬೆಳೆಗಾರನ ಕೈಯಲ್ಲಿರಬೇಕು.

ಹಾಗಾಗಿ ಮುಂದಿನ ಕುಯ್ಲಿಗೆ ಮೊದಲು ಊರೂರಿನಲ್ಲಿ ಆಗಬಹುದಾದ ಕೆಲಸಗಳಿವೆ. ಮೊಬೈಲ್ ಬಲ್ಲ ವಿದ್ಯಾರ್ಥಿಗಳು ತಮ್ಮ ಊರಿನ ಸಣ್ಣ ತೋಟಗಳ ಬಿಂದುಗಳನ್ನು ಗುರುತಿಸಿ, ಒಂದು ಪ್ರತಿಯನ್ನು ಬೆಳೆಗಾರನಿಗೂ ಇನ್ನೊಂದನ್ನು ಸೊಸೈಟಿಗೂ ಕೊಡಬಹುದು. ನೆರಳಿನ ಮರಗಳ ಹೆಸರು, ಸಂಖ್ಯೆ, ಮರಗಸಿ ಮಾಡಿದ ತಿಂಗಳುಗಳನ್ನು ಅದೇ ಪುಸ್ತಕದಲ್ಲಿ ಬರೆದಿಡಬಹುದು, ನಕ್ಷೆಯು ತಪ್ಪಿದಾಗ ಅದು ಸಾಕ್ಷಿಯಾಗುತ್ತದೆ. 2020ಕ್ಕೆ ಮೊದಲೇ ತೋಟವಿತ್ತೆಂದು ತೋರಿಸುವ ಪಹಣಿಯ ಬೆಳೆ ಕಾಲಂ, ಹಳೆಯ ಮಾರಾಟದ ರಸೀದಿಗಳನ್ನು ಹುಡುಕಿ ತೆಗೆದಿಡಬೇಕು. ಮೂಟೆ ತೂಗಿಸುವಾಗ ತೂಕ, ದಿನಾಂಕ, ಸರ್ವೆ ನಂಬರ್ ಬರೆದ ಚೀಟಿಯನ್ನು ವ್ಯಾಪಾರಿಯಿಂದ ಕೇಳಿ ಪಡೆಯಬೇಕು, ಕೊಡಲು ಅವನು ಒಪ್ಪದಿದ್ದರೆ ಸೊಸೈಟಿಯ ತಕ್ಕಡಿಗೆ ಹೋಗಬೇಕು.