ಕಾಲೇಜೋ, ಕಸುಬೋ? ಬಾಗಿಲು ಮುಚ್ಚದ ದಾರಿಯನ್ನು ಆರಿಸೋಣ

(ಎಸೆಸೆಲ್ಸಿ ಮುಗಿಸಿದ ವಿದ್ಯಾರ್ಥಿಗಳು ಮತ್ತು ಅವರ ಹೆತ್ತವರಿಗಾಗಿ ಏರ್ಪಡಿಸಲಾಗಿದ್ದ ಶೈಕ್ಷಣಿಕ ಮಾರ್ಗದರ್ಶನ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)





ಹತ್ತನೆಯ ತರಗತಿಯ ಫಲಿತಾಂಶ ಬಂದ ಬಳಿಕ ನಮ್ಮ ಮನೆಗಳಲ್ಲಿ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. ಒಂದು ಮನೆಯಲ್ಲಿ, "ಏನೇ ಆಗಲಿ, ಮಗನನ್ನು ಇಂಜಿನಿಯರ್ ಮಾಡಲೇಬೇಕು" ಎನ್ನುತ್ತಾರೆ. ತಾಯಿಯ ಬಳೆಗಳು ಅಡವಿಗೆ ಹೋಗುತ್ತವೆ. ಪಕ್ಕದ ಮನೆಯಲ್ಲಿ, "ಓದಿ ಏನಾಗಬೇಕಿದೆ? ಓದಿದವರೇ ಕೆಲಸವಿಲ್ಲದೆ ಅಲೆಯುತ್ತಿದ್ದಾರೆ. ಇವನು ಮಾವನ ಗ್ಯಾರೇಜಿಗೆ ಹೋಗಲಿ" ಎನ್ನುತ್ತಾರೆ. ಎರಡೂ ಮಾತುಗಳ ಹಿಂದೆ ಮಗನ ಮೇಲಿನ ಪ್ರೀತಿಯೇ ಇದೆ. ಆದರೆ ಎರಡೂ ಕಡೆ ಮಗನ ಒಲವೇನೆಂದು ಯಾರೂ ಕೇಳಿಲ್ಲ, ಆ ದಾರಿ ಮುಂದೆ ಎಲ್ಲಿಗೆ ಹೋಗುತ್ತದೆಂದು ಯಾರೂ ವಿಚಾರಿಸಿಲ್ಲ.

ಈ ವಿಷಯದಲ್ಲಿ ಮಾತನಾಡಲು ನಮಗಿರುವ ಅರ್ಹತೆ ಒಂದೇ. ನಾವು ಮದ್ರಸದಲ್ಲಿ ಕಲಿತವರು. ವರ್ಷಗಟ್ಟಲೆ ಅರಬಿ ವ್ಯಾಕರಣ, ಫಿಕ್‌ಹ್, ತರ್ಕಶಾಸ್ತ್ರ ಓದಿ ಸನದು ಪಡೆದೆವು. ಆ ಸನದನ್ನು ಹಿಡಿದು ಕಾಲೇಜೊಂದರ ಕಚೇರಿಗೆ ಹೋದಾಗ, ಗುಮಾಸ್ತರು ಅದನ್ನು ತಿರುಗಿಸಿ ನೋಡಿ, "ಎಸೆಸೆಲ್ಸಿ ಅಂಕಪಟ್ಟಿ ಎಲ್ಲಿ?" ಎಂದು ಕೇಳಿದರು. ನಮ್ಮ ಬಳಿ ವಿದ್ಯೆಯಿತ್ತು, ಅವರು ಓದಬಲ್ಲ ಕಾಗದ ಇರಲಿಲ್ಲ. ಅನಂತರ ಖಾಸಗಿ ಅಭ್ಯರ್ಥಿಯಾಗಿ ಪರೀಕ್ಷೆ ಬರೆದು, ಕಿರಿಯರ ಜೊತೆ ಬೆಂಚು ಹಂಚಿಕೊಂಡು ಬಿ.ಎ. ಮುಗಿಸಬೇಕಾಯಿತು. ಆ ವರ್ಷಗಳು ಕಲಿಸಿದ ಪಾಠವನ್ನೇ ಇಂದು ನಿಮ್ಮ ಮುಂದಿಡುತ್ತಿದ್ದೇವೆ. ಕಲಿಕೆ ಎಷ್ಟೇ ಗಟ್ಟಿಯಾಗಿರಲಿ, ಮುಂದಿನ ಬಾಗಿಲನ್ನು ತೆರೆಯುವ ಪ್ರಮಾಣಪತ್ರ ಜೊತೆಗಿಲ್ಲದಿದ್ದರೆ ಕಲಿತವನು ಹೊರಗೇ ನಿಲ್ಲಬೇಕಾಗುತ್ತದೆ.

ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿರುವ ನಮ್ಮ ಹುಡುಗರ ಸ್ಥಿತಿಯೂ ಇದೇ. ಕಸುಬಿನಲ್ಲಿ ಅವರು ಯಾರಿಗೂ ಕಡಿಮೆಯಲ್ಲ. ಇಂಜಿನಿನ ಸದ್ದು ಕೇಳಿಯೇ ಕಾರ್ಬ್ಯುರೇಟರ್ ಸರಿಹೊಂದಿಸುವ ಉಸ್ತಾದರು ಪ್ರತಿ ಊರಿನಲ್ಲೂ ಇದ್ದಾರೆ. ಆದರೆ 2020ರ ಎಪ್ರಿಲ್ 1ರಿಂದ ಬಿಎಸ್-6 ನಿಯಮ ಜಾರಿಗೆ ಬಂತು. ಹೊಸ ಬೈಕುಗಳಲ್ಲಿ ಕಾರ್ಬ್ಯುರೇಟರಿನ ಸ್ಥಾನಕ್ಕೆ ಫ್ಯುಯಲ್ ಇಂಜೆಕ್ಷನ್, ಸೆನ್ಸರ್ ಮತ್ತು ಪುಟ್ಟದೊಂದು ಕಂಪ್ಯೂಟರ್ ಬಂದಿವೆ. ದೋಷವೆಲ್ಲಿದೆ ಎಂಬುದನ್ನು ಸ್ಕ್ಯಾನರ್ ಕೋಡ್ ರೂಪದಲ್ಲಿ ತೋರಿಸುತ್ತದೆ. ಆ ಕೋಡಿನ ಅರ್ಥ ಇಂಗ್ಲಿಷಿನ ಕೈಪಿಡಿಯಲ್ಲಿರುತ್ತದೆ. ಏಳನೇ ತರಗತಿಗೇ ಶಾಲೆ ಬಿಟ್ಟ ಹುಡುಗನಿಗೆ ಪಾನಾ ಹಿಡಿಯುವ ಕೈಯಿದ್ದರೂ ಕೈಪಿಡಿ ಓದುವ ಶಕ್ತಿಯಿಲ್ಲ. ಕಸುಬು ಅವನನ್ನು ಬಿಟ್ಟು ಮುಂದೆ ಹೋಗಿದೆ.

ಗಲ್ಫ್‌ನ ಕಥೆಯೂ ಬದಲಾಗಿದೆ. ಹಿಂದೆ ಪರಿಚಿತರು ವೀಸಾ ಕಳುಹಿಸಿದರೆ ಸಾಕಿತ್ತು, ಕೆಲಸವನ್ನು ಅಲ್ಲಿಯೇ ಕಲಿಯುತ್ತಿದ್ದರು. ಈಗ ಸೌದಿ ಅರೇಬಿಯಾವು ಇಲೆಕ್ಟ್ರೀಶಿಯನ್, ಪ್ಲಂಬರ್, ವೆಲ್ಡರ್, ಎಸಿ ತಂತ್ರಜ್ಞ ಮುಂತಾದ ಕಸುಬುಗಳವರಿಗೆ ಹೊರಡುವ ಮುನ್ನ ಭಾರತದಲ್ಲಿಯೇ ಕೌಶಲ ಪರೀಕ್ಷೆ ನಡೆಸುವ ವ್ಯವಸ್ಥೆಯನ್ನು ತಂದಿದೆ. "ಹೇಗಾದರೂ ದಾಟಿಕೊಂಡರಾಯಿತು" ಎಂಬ ಕಾಲ ಮುಗಿಯುತ್ತಿದೆ.

ಹಾಗಾದರೆ ಎಲ್ಲರೂ ಇಂಜಿನಿಯರಿಂಗ್ ಕಾಲೇಜಿಗೇ ಹೋಗಬೇಕೇ? ಅದೂ ಅಲ್ಲ. ಪದವಿಗೂ ಕಷ್ಟದ ದಿನಗಳು ಬರುತ್ತವೆ. 2018ರಲ್ಲಿ ಕುವೈತ್, ವಿದೇಶೀ ಇಂಜಿನಿಯರುಗಳ ವಾಸ್ತವ್ಯ ಪರವಾನಿಗೆಗೆ ಅಲ್ಲಿನ ಇಂಜಿನಿಯರುಗಳ ಸಂಘದ ಒಪ್ಪಿಗೆಯನ್ನು ಕಡ್ಡಾಯಗೊಳಿಸಿತು. ಎನ್‌ಬಿಎ ಮಾನ್ಯತೆಯಿಲ್ಲದ ಕೋರ್ಸುಗಳಲ್ಲಿ ಕಲಿತ ಭಾರತೀಯರು ವರ್ಷಗಳ ಅನುಭವವಿದ್ದೂ ಸಂಕಷ್ಟಕ್ಕೆ ಸಿಲುಕಿದರು. ಬಳೆ ಅಡವಿಟ್ಟು ಸೀಟು ಕೊಳ್ಳುವ ಮುನ್ನ, "ಈ ಕೋರ್ಸಿಗೆ ಮಾನ್ಯತೆ ಇದೆಯೇ? ಮಗನಿಗೆ ಗಣಿತದಲ್ಲಿ ಆಸಕ್ತಿ ಇದೆಯೇ?" ಎಂದು ವಿಚಾರಿಸುವ ತಂದೆಯರು ಎಷ್ಟು ಮಂದಿ? ಗಣಿತ ಒಲಿಯದ ಹುಡುಗ ನಾಲ್ಕು ವರ್ಷ ಕಳೆದು, ಬಾಕಿ ವಿಷಯಗಳ ಗಂಟು ಹೊತ್ತು ಮನೆಗೆ ಮರಳಿದರೆ ಆ ಸೋಲು ಅವನೊಬ್ಬನದಲ್ಲ.

ಈ ಎರಡರ ನಡುವೆ ಇನ್ನೊಂದು ದಾರಿಯಿದೆ. ನಮ್ಮ ಮನೆಗಳಲ್ಲಿ ಅದರ ಚರ್ಚೆಯೇ ಆಗುವುದಿಲ್ಲ. ಎಸೆಸೆಲ್ಸಿ ಆದವನು ಐಟಿಐ ಸೇರಬಹುದು. ಎರಡು ವರ್ಷದ ಐಟಿಐ ಮುಗಿಸಿದವನಿಗೆ ಪಾಲಿಟೆಕ್ನಿಕ್‌ನ ಡಿಪ್ಲೊಮಾದಲ್ಲಿ ನೇರವಾಗಿ ಎರಡನೇ ವರ್ಷಕ್ಕೆ ಪ್ರವೇಶಾವಕಾಶವಿದೆ. ಡಿಪ್ಲೊಮಾ ಮುಗಿಸಿದವನು ಡಿಸಿಇಟಿ ಬರೆದು ಬಿ.ಇ.ಯ ಎರಡನೇ ವರ್ಷಕ್ಕೆ ಸೇರಬಹುದು. ಅಂದರೆ ಇದೊಂದು ಏಣಿ. ಯಾವ ಮೆಟ್ಟಿಲಲ್ಲಿ ನಿಂತರೂ ಕೈಯಲ್ಲಿ ಕಸುಬಿರುತ್ತದೆ, ಮೇಲೇರುವ ದಾರಿಯೂ ತೆರೆದಿರುತ್ತದೆ. ಜಿಟಿಟಿಸಿ ಎಂದು ಕರೆಯಲಾಗುವ ಸರಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರಗಳಲ್ಲಿ ಯಂತ್ರದ ಮುಂದೆಯೇ ನಿಂತು ಟೂಲ್ ಅಂಡ್ ಡೈ ತಯಾರಿಕೆ ಕಲಿಯಬಹುದು. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ, 30 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು, ಅವರಿಗೆ ಭತ್ಯೆಯನ್ನೂ ಕೊಡಬೇಕು. ಈಗಾಗಲೇ ಕಸುಬಿನಲ್ಲಿರುವವರ ಕೌಶಲವನ್ನು ಪರೀಕ್ಷಿಸಿ ಪ್ರಮಾಣಪತ್ರ ನೀಡುವ ವ್ಯವಸ್ಥೆಯೂ ಕೇಂದ್ರದ ಕೌಶಲ ಯೋಜನೆಯಲ್ಲಿದೆ. ಆದರೆ ಒಂದು ಎಚ್ಚರಿಕೆ. ಫಲಕದಲ್ಲಿ 'ಇಂಟರ್‌ನ್ಯಾಷನಲ್' ಎಂದು ಬರೆದುಕೊಂಡ ಮಾತ್ರಕ್ಕೆ ಯಾವ ಸಂಸ್ಥೆಯೂ ಮಾನ್ಯವಾಗುವುದಿಲ್ಲ. ಹಣ ಕಟ್ಟುವ ಮುನ್ನ ಮಾನ್ಯತೆಯ ಪತ್ರವನ್ನು ಕೇಳಿ ನೋಡಿರಿ.

ಯುವಕರು ನಮ್ಮೊಡನೆ ವಾದಿಸುವುದುಂಟು: "ಬಿಲ್ ಗೇಟ್ಸ್ ಕಾಲೇಜು ಬಿಟ್ಟವರಲ್ಲವೇ?" ಹೌದು, ಬಿಟ್ಟರು. ಆದರೆ ಅವರು ಬಿಟ್ಟದ್ದು ಹಾರ್ವರ್ಡನ್ನು. ಅಲ್ಲಿ ಪ್ರವೇಶ ಪಡೆಯುವಷ್ಟು ಓದಿದ್ದರು ಎಂಬುದನ್ನು ನಾವು ಮರೆಯುತ್ತೇವೆ. ಪಿಯುಸಿ ಮುಗಿಸಿದವರನ್ನು ಆರಿಸಿ, ತಾವೇ ತರಬೇತಿ ಕೊಟ್ಟು ಸಾಫ್ಟ್‌ವೇರ್ ಕೆಲಸಕ್ಕೆ ತೆಗೆದುಕೊಳ್ಳುವ ಕಂಪೆನಿಗಳು ನಮ್ಮ ದೇಶದಲ್ಲೇ ಇವೆ. ತಮಿಳುನಾಡಿನ ಜೋಹೋ ಸುಮಾರು 20 ವರ್ಷಗಳಿಂದ ಇದನ್ನು ಮಾಡುತ್ತಿದೆ. ಎಚ್‌ಸಿಎಲ್‌ನ ಟೆಕ್‌ಬೀ ಕಾರ್ಯಕ್ರಮವೂ ಇಂಥದ್ದೇ. ಆದರೆ ಆ ಬಾಗಿಲುಗಳೂ ಪ್ರವೇಶ ಪರೀಕ್ಷೆಯಲ್ಲಿ ಗೆದ್ದವರಿಗೆ ಮಾತ್ರ ತೆರೆಯುತ್ತವೆ. ಕಾಲೇಜಿಗೆ ಪರ್ಯಾಯ ಮಾರ್ಗಗಳಿವೆ, ಕಲಿಕೆಗೆ ಇಲ್ಲ.

ಸಹೋದರರೇ, ನಮ್ಮ ಸ್ಥಿತಿಯೇನೆಂಬುದನ್ನೂ ತಿಳಿದಿರಬೇಕು. 2006ರಲ್ಲಿ ಸಂಸತ್ತಿನ ಮುಂದಿಡಲಾದ ಸಾಚಾರ್ ವರದಿಯ ಪ್ರಕಾರ, 20 ವರ್ಷ ದಾಟಿದ ಭಾರತೀಯರಲ್ಲಿ ಪದವಿ ಅಥವಾ ಡಿಪ್ಲೊಮಾ ಪಡೆದವರು ಸುಮಾರು ಶೇ. 7. ಮುಸ್ಲಿಮರಲ್ಲಿ ಶೇ. 4ಕ್ಕಿಂತಲೂ ಕಡಿಮೆ. ತಾಂತ್ರಿಕ ಶಿಕ್ಷಣ ಪಡೆದವರಂತೂ ಇಲ್ಲವೆಂಬಷ್ಟು ವಿರಳ. ಅದು 2001ರ ಜನಗಣತಿಯ ಚಿತ್ರ. ಆ ಬಳಿಕ ಒಂದು ತಲೆಮಾರು ಬೆಳೆದಿದೆ, ಪದವೀಧರರ ಸಂಖ್ಯೆಯೂ ಹೆಚ್ಚಿದೆ. ಇದರ ಜೊತೆಗೆ, 2022ರಲ್ಲಿ ಕೇಂದ್ರ ಸರಕಾರವು ಒಂದರಿಂದ ಎಂಟನೇ ತರಗತಿಯವರೆಗಿನ ಅಲ್ಪಸಂಖ್ಯಾತ ಮಕ್ಕಳ ವಿದ್ಯಾರ್ಥಿವೇತನವನ್ನು ನಿಲ್ಲಿಸಿತು. ಮೌಲಾನಾ ಆಝಾದ್ ಫೆಲೋಶಿಪ್ಪನ್ನೂ ಕೈಬಿಟ್ಟಿತು. 2023ರ ಮಾರ್ಚ್‌ನಲ್ಲಿ ಅಂದಿನ ರಾಜ್ಯ ಸರಕಾರವು ಮುಸ್ಲಿಮರ ಶೇ. 4ರ 2ಬಿ ಮೀಸಲಾತಿಯನ್ನು ರದ್ದುಪಡಿಸಲು ಹೊರಟು, ಸುಪ್ರೀಂ ಕೋರ್ಟಿನ ಮುಂದೆ ಸದ್ಯಕ್ಕೆ ಜಾರಿಗೊಳಿಸುವುದಿಲ್ಲವೆಂದು ಹೇಳಬೇಕಾಯಿತು. ಈ ಅನ್ಯಾಯಗಳನ್ನು ಪ್ರಜಾಸತ್ತಾತ್ಮಕವಾಗಿ ಪ್ರಶ್ನಿಸುವುದು ನಮ್ಮ ಹಕ್ಕು, ಕರ್ತವ್ಯ ಕೂಡಾ. ಆದರೆ ಮೀಸಲಾತಿಗಾಗಿ ಮೈದಾನದಲ್ಲಿ ಸೇರುವ ನಾವು, ನಮ್ಮ ತಾಲೂಕಿನ ಐಟಿಐಗೆ ಅರ್ಜಿ ಹಾಕಲು ಕೊನೆಯ ದಿನ ಯಾವುದೆಂಬುದನ್ನು ತಿಳಿದಿದ್ದೇವೆಯೇ?

ಇನ್ನೊಂದು ರೋಗವೂ ನಮ್ಮಲ್ಲಿದೆ. ವರ ನೋಡಲು ಹೋದವರು, "ಹುಡುಗ ಇಂಜಿನಿಯರಾ?" ಎಂದು ಕೇಳುತ್ತಾರೆ. ಫಿಟ್ಟರ್ ಎಂದರೆ ಮುಖ ಬಾಡುತ್ತದೆ. ಪ್ರವಾದಿ ದಾವೂದ್(ಅ)ರ ಕೈಗೆ ಕಬ್ಬಿಣ ಮೃದುವಾದುದನ್ನೂ ಅವರು ಕವಚ ಹೆಣೆದುದನ್ನೂ ಮಿಂಬರಿನಿಂದ ಕೇಳಿ ತಲೆದೂಗುವ ನಾವು, ಕಬ್ಬಿಣದ ಕೆಲಸ ಮಾಡುವ ಹುಡುಗನಿಗೆ ಮಗಳನ್ನು ಕೊಡಲು ಹಿಂಜರಿಯುತ್ತೇವೆ. ಹಿರಿಯರ ಈ ತಾತ್ಸಾರವನ್ನು ಕಂಡು ಬೆಳೆದ ಮಕ್ಕಳು ಒಲವಿಲ್ಲದ ಪದವಿಯ ಬೆನ್ನು ಹತ್ತಿದರೆ ತಪ್ಪು ಯಾರದು?

ಹೆಣ್ಣುಮಕ್ಕಳ ವಿಷಯದಲ್ಲಿ ನಾವು ಇನ್ನೂ ಕೃಪಣರು. ಒಳ್ಳೆಯ ಅಂಕ ತರುವ ಮಗಳಿಗೆ, "ಮದುವೆಯಾಗುವ ತನಕ ಏನಾದರೂ ಓದಿಕೊಂಡಿರಲಿ" ಎಂದು ಯಾವುದೋ ಕೋರ್ಸನ್ನು ಗೊತ್ತು ಮಾಡುತ್ತೇವೆ. ಮಹಿಳಾ ಪಾಲಿಟೆಕ್ನಿಕ್‌ಗಳಿವೆ, ಇಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಡಿಪ್ಲೊಮಾಗಳಿವೆ. ಅವಳೂ ಆ ಏಣಿಯನ್ನು ಏರಬಲ್ಲಳು.

ಹಾಗಾದರೆ ನಮ್ಮ ಬಿ.ಎ. ವ್ಯರ್ಥವಾಯಿತೇ? ಆ ಪದವಿ ನಮಗೆ ಕೂಡಲೇ ಕೆಲಸ ಕೊಡಲಿಲ್ಲ. ಆದರೆ ಒಂದು ವರದಿಯನ್ನು ಓದಿ ಅರ್ಥೈಸಿಕೊಳ್ಳುವುದನ್ನು, ಅಧಿಕಾರಿಯ ಮುಂದೆ ತಲೆ ತಗ್ಗಿಸದೆ ಪ್ರಶ್ನಿಸುವುದನ್ನು, ನಮ್ಮಂತಲ್ಲದವರೊಡನೆ ಸ್ನೇಹದಿಂದ ಬಾಳುವುದನ್ನು ಕಲಿಸಿತು. ಕಾಲೇಜಿನ ಈ ಕೊಡುಗೆ ಸಣ್ಣದಲ್ಲ. ಆದುದರಿಂದ ಐಟಿಐ ಸೇರುವ ಹುಡುಗನ ಕೈಯಲ್ಲೂ ಪತ್ರಿಕೆಯಿರಲಿ, ಪುಸ್ತಕವಿರಲಿ. ಕಾಲೇಜಿಗೆ ಹೋಗುವವನ ಕೈಗೂ ಒಂದು ಕೆಲಸ ತಿಳಿದಿರಲಿ.

ಕೊನೆಯದಾಗಿ ಜಮಾಅತ್‌ಗೆ ಒಂದು ವಿನಂತಿ. ಪ್ರತಿ ಮೊಹಲ್ಲಾದಲ್ಲಿ ಶಾಲೆ ಬಿಟ್ಟ ಮಕ್ಕಳ ಪಟ್ಟಿ ಮಾಡಿರಿ. ಎಸೆಸೆಲ್ಸಿ ಬರೆಯದವರನ್ನು ಖಾಸಗಿ ಅಭ್ಯರ್ಥಿಗಳಾಗಿ ಬರೆಸಿರಿ. ಗ್ಯಾರೇಜುಗಳ ಮಾಲಕರೇ, ನಿಮ್ಮಲ್ಲಿರುವ ಹುಡುಗನನ್ನು ಸಂಜೆ ಎರಡು ಗಂಟೆ ಪಾಠಕ್ಕೆ ಬಿಟ್ಟುಕೊಡಿರಿ. ಹೆತ್ತವರೇ, ಇಂದು ಮನೆಗೆ ಹೋದ ಬಳಿಕ ಮಗನನ್ನು, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, "ನಿನಗೆ ಯಾವುದರಲ್ಲಿ ಆಸಕ್ತಿ?" ಎಂದು ಕೇಳಿರಿ. ಬಳೆ ಅಡವಿಡುವ ತೀರ್ಮಾನವಾಗಲಿ, ಗ್ಯಾರೇಜಿಗೆ ಕಳುಹಿಸುವ ತೀರ್ಮಾನವಾಗಲಿ, ಆ ಉತ್ತರವನ್ನು ಕೇಳಿದ ನಂತರವೇ ಆಗಲಿ.