ಅಧ್ಯಕ್ಷಗಿರಿ ಮುಗಿದ ಮೇಲೆ

ಅಮೆರಿಕದ ಆರನೇ ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್ 1828ರ ಚುನಾವಣೆಯಲ್ಲಿ ಸೋತರು. ಅವರ ಅಧ್ಯಕ್ಷಗಿರಿಗಿಂತ ನನಗೆ ದೊಡ್ಡದಾಗಿ ಕಾಣುವುದು ಆಮೇಲಿನ ಬದುಕು. 1831ರಲ್ಲಿ ಅವರು ಸಾಮಾನ್ಯ ಸದಸ್ಯರಾಗಿ ಪ್ರತಿನಿಧಿ ಸಭೆಗೆ ಬಂದು ಕೂತರು. ಅಲ್ಲಿಂದ ಕೊನೆಯುಸಿರಿನವರೆಗೂ ಕದಲಲಿಲ್ಲ.

ಗುಲಾಮಗಿರಿಯ ವಿರುದ್ಧ ಜನ ಕಳಿಸುವ ಅರ್ಜಿಗಳನ್ನು ಚರ್ಚೆಗೇ ತರಕೂಡದೆಂದು 1836ರಲ್ಲಿ ಸಭೆ ನಿಯಮ ಮಾಡಿತು. ಆಡಮ್ಸ್ ಬಗ್ಗಲಿಲ್ಲ. ಹೆಂಗಸರು ಸಹಿ ಹಾಕಿದ ಅರ್ಜಿಗಳನ್ನು ಹಿಡಿದು ಮತ್ತೆ ಮತ್ತೆ ಎದ್ದು ನಿಂತರು. ಗುಲಾಮರೇ ಸಹಿ ಮಾಡಿದ್ದೆನ್ನಲಾದ ಅರ್ಜಿಯೊಂದನ್ನು 1837ರಲ್ಲಿ ಪ್ರಸ್ತಾಪಿಸಿದಾಗ ಸಭೆಯೇ ಕೆರಳಿತು. ಅವರ ಮೇಲೆ ಖಂಡನಾ ನಿರ್ಣಯ ತರಲು ಹೊರಟಿತು. 73ರ ವಯಸ್ಸಿನಲ್ಲಿ ಅಮಿಸ್ಟಾಡ್ ಹಡಗಿನ ಆಫ್ರಿಕನ್ ಬಂದಿಗಳ ಪರವಾಗಿ ಸುಪ್ರೀಂ ಕೋರ್ಟಿನಲ್ಲಿ ವಾದಿಸಿದರು, ಬಂದಿಗಳಿಗೆ ಬಿಡುಗಡೆಯಾಯಿತು. 1844ರ ಡಿಸೆಂಬರಿನಲ್ಲಿ, ಆಡಮ್ಸ್ ಅವರೇ ಮಂಡಿಸಿದ ನಿರ್ಣಯದ ಮೇಲೆ, ಅರ್ಜಿಗಳನ್ನು ತಡೆದಿದ್ದ ಆ ನಿಯಮ ರದ್ದಾಯಿತು. ಆಗ ಅವರಿಗೆ 77.