ರೋಮಿನ ಚಕ್ರವರ್ತಿಗಳೂ ಬಡವರ ಧರ್ಮವೂ
(ಕಾರ್ಮಿಕರ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣ)



ಬಡವರು ಒಂದಾದಾಗ ಪ್ರಭುತ್ವ ಮೊದಲು ಅವರನ್ನು ತುಳಿಯಲು ನೋಡುತ್ತದೆ. ತುಳಿಯಲಾಗದಿದ್ದರೆ ಅಪ್ಪಿಕೊಳ್ಳುತ್ತದೆ. ರೋಮ್ ಸಾಮ್ರಾಜ್ಯದಲ್ಲಿ ಕ್ರೈಸ್ತಮತ ಬೆಳೆದ ಚರಿತ್ರೆ ಇದಕ್ಕೆ ತಕ್ಕ ನಿದರ್ಶನ.

ಕ್ರಿ.ಶ. 64ರಲ್ಲಿ ರೋಮ್ ನಗರ ಬೆಂಕಿಗೆ ತುತ್ತಾಯಿತು. ಜನರ ಅನುಮಾನ ಚಕ್ರವರ್ತಿ ನೀರೋನ ಮೇಲೆಯೇ ತಿರುಗಿದಾಗ, ಅವನು ಅಪವಾದವನ್ನು ಕ್ರೈಸ್ತರ ತಲೆಗೆ ಕಟ್ಟಿ ಅವರನ್ನು ಕೊಲ್ಲಿಸಿದನೆಂದು ರೋಮಿನ ಇತಿಹಾಸಕಾರ ಟ್ಯಾಸಿಟಸನೇ ಬರೆದಿದ್ದಾನೆ. ಸುಮಾರು 112ರಲ್ಲಿ ಪ್ಲಿನಿ ಎಂಬ ಪ್ರಾಂತಾಧಿಕಾರಿ ಈ ಮತದವರ ಗುಟ್ಟು ತಿಳಿಯಲು ಇಬ್ಬರು ಗುಲಾಮ ಹೆಂಗಸರನ್ನು ಚಿತ್ರಹಿಂಸೆಗೆ ಗುರಿಪಡಿಸಿದ. ಅದನ್ನು ಚಕ್ರವರ್ತಿ ಟ್ರೇಜನನಿಗೆ ತಾನೇ ಬರೆದು ತಿಳಿಸಿದ. ಆ ಹೆಂಗಸರು ತಮ್ಮ ಸಭೆಯಲ್ಲಿ ಹೊಣೆ ಹೊತ್ತವರು. ಯಜಮಾನನ ಮನೆಯಲ್ಲಿ ಬರಿಯ ಸೊತ್ತಾಗಿದ್ದವರಿಗೆ ಅಲ್ಲೊಂದು ಸ್ಥಾನವಿತ್ತು. 251ರ ಸುಮಾರಿಗೆ ರೋಮಿನ ಸಭೆಯೊಂದೇ 1,500ಕ್ಕೂ ಹೆಚ್ಚು ವಿಧವೆಯರನ್ನೂ ದಿಕ್ಕಿಲ್ಲದವರನ್ನೂ ಸಾಕುತ್ತಿತ್ತು. ಸಭೆಯಲ್ಲಿ ಉಳ್ಳವರೂ ಇದ್ದರು. ಆದರೆ ಅದರ ಬಲವಿದ್ದದ್ದು ಈ ಪರಸ್ಪರ ಆಸರೆಯಲ್ಲಿ.

ಪ್ರತಿಯೊಬ್ಬನೂ ರೋಮಿನ ದೇವತೆಗಳಿಗೆ ಬಲಿ ಕೊಟ್ಟು ಸರ್ಟಿಫಿಕೇಟು ಪಡೆಯಬೇಕೆಂದು 250ರ ಹೊತ್ತಿಗೆ ಡೀಸಿಯಸ್ ಅಪ್ಪಣೆ ಮಾಡಿದ. 303ರಲ್ಲಿ ಡಯೋಕ್ಲೀಷಿಯನ್ ಚರ್ಚುಗಳನ್ನು ಕೆಡವಿಸಿದ, ಗ್ರಂಥಗಳನ್ನು ಸುಡಿಸಿದ. ಯಾವುದೂ ಸಾಗಲಿಲ್ಲ. 313ರಲ್ಲಿ ಕಾನ್‌ಸ್ಟಂಟೈನ್ ಮತ್ತು ಲಿಸೀನಿಯಸ್ ಎಲ್ಲ ಮತಗಳಿಗೂ ಸ್ವಾತಂತ್ರ್ಯ ಕೊಟ್ಟರು. 380ರಲ್ಲಿ ಥಿಯೊಡೋಸಿಯಸ್ ಕ್ರೈಸ್ತಮತವನ್ನೇ ರಾಜ್ಯದ ಮತವನ್ನಾಗಿ ಮಾಡಿದ. ಗ್ರಂಥ ಸುಟ್ಟ ದಿನದಿಂದ ಸಿಂಹಾಸನದ ಬದಿಗೆ ಬರಲು ಹಿಡಿದದ್ದು 77 ವರ್ಷ.

ಇಷ್ಟಾದ ಮೇಲೆ ದುಡಿಯುವವನಿಗೆ ದಕ್ಕಿದ್ದೇನು? ಗುಲಾಮರನ್ನು ಚರ್ಚಿನಲ್ಲಿ ಬಿಡುಗಡೆ ಮಾಡಲು ಕಾನ್‌ಸ್ಟಂಟೈನ್ ಅವಕಾಶ ಕೊಟ್ಟದ್ದು ನಿಜ. ಆದರೆ ಬಿಡುವುದು, ಬಿಡದಿರುವುದು ಯಜಮಾನನ ಮರ್ಜಿ. ಓಡಿಹೋಗುವ ಯೋಚನೆಯಲ್ಲಿರುವ ಒಕ್ಕಲನ್ನು ಗುಲಾಮನಂತೆ ಸಂಕೋಲೆಯಲ್ಲಿ ಬಿಗಿಯಬೇಕೆಂದು 332ರಲ್ಲಿ ಕಾನೂನು ಮಾಡಿದವನೂ ಅವನೇ. ಅಂಗಡಿಕಾರರ, ಕಸಬುದಾರರ ಮೇಲೆ ಚಿನ್ನ ಬೆಳ್ಳಿಯಲ್ಲೇ ತೆರಬೇಕಾದ ಹೊಸ ತೆರಿಗೆ ಹೇರಿದವನೂ ಅವನೇ. ಅದು ರದ್ದಾದದ್ದು 498ರಲ್ಲಿ. ಚಕ್ರವರ್ತಿಯ ದೇವರು ಬದಲಾದ. ತೆರಿಗೆಯವನು ಬಾಗಿಲಿಗೆ ಬರುವುದು ತಪ್ಪಲಿಲ್ಲ.

321ರಲ್ಲಿ ಭಾನುವಾರ ನ್ಯಾಯಾಲಯಗಳೂ ಪಟ್ಟಣದ ಕಾರ್ಯಾಗಾರಗಳೂ ಮುಚ್ಚಿರಬೇಕೆಂದು ಕಾನ್‌ಸ್ಟಂಟೈನ್ ಆಜ್ಞೆ ಹೊರಡಿಸಿದ. ಹೊಲದ ದುಡಿಮೆಗೆ ಆ ಬಿಡುವು ಅನ್ವಯಿಸಲಿಲ್ಲ. ಅದೇ ಭಾನುವಾರದ ರಜೆಗಾಗಿ ಬೊಂಬಾಯಿಯ ಗಿರಣಿ ಕಾರ್ಮಿಕರು ಸಾವಿರಾರು ಸಂಖ್ಯೆಯಲ್ಲಿ ಸೇರಿ ಒತ್ತಾಯಿಸಬೇಕಾಯಿತು. ನಾರಾಯಣ ಮೇಘಾಜಿ ಲೋಖಂಡೆಯವರು ಮುಂದಾಳಾಗಿ ನಿಂತರು. 1890ರಲ್ಲಿ ಗಿರಣಿ ಮಾಲೀಕರು ಒಪ್ಪಿದರು.

ಯಾರ ನಂಬಿಕೆಯನ್ನೂ ಹಳಿಯಲು ಈ ಮಾತು ಹೇಳುತ್ತಿಲ್ಲ. ಆ ಇಬ್ಬರು ಹೆಂಗಸರ ಧೈರ್ಯಕ್ಕೆ ತಲೆಬಾಗಲೇಬೇಕು. ಆದರೆ ಆಳುವವನು ನಮ್ಮ ಬಾವುಟವನ್ನೇ ಹಿಡಿದು ಬಂದಾಗ, ಹಿಗ್ಗುವ ಮೊದಲು ಅವನ ಇನ್ನೊಂದು ಕೈಯಲ್ಲಿ ಏನಿದೆಯೆಂದು ನೋಡೋಣ. ಸಂಕೋಲೆ ಅಲ್ಲೇ ಇದ್ದರೆ ನಮ್ಮ ಕೆಲಸ ಇನ್ನೂ ಮುಗಿದಿಲ್ಲ.